ಐದು ಸೆಟ್ ಬ್ರೇಕ್ ಶೂ

ನವೆಂಬರ್ 19, 2024, ಮಂಗಳವಾರ

ಬಾಯಿ ಮುಚ್ಚಿಕೊಂಡಿರು ಎಂದು ನದೀಮನಿಗೆ ಹೇಳಿ ಬಂದಿದ್ದೇನೆ. ಅವನು ಇರುತ್ತಾನೆ, ಅದರ ಚಿಂತೆಯಿಲ್ಲ. ಆದರೆ ನನಗೂ ಎಲ್ಲಾದರೂ ಒಂದು ಕಡೆ ಬಾಯಿ ಬಿಡಬೇಕಲ್ಲ. ಯಾವುದೋ ಆಯಿಲ್ ಏಜೆನ್ಸಿಯವರು ಕೊಟ್ಟ ಡೈರಿ ಅಂಗಡಿಯ ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಅದನ್ನೇ ತೆಗೆದುಕೊಂಡು ಕೂತಿದ್ದೇನೆ.

ಇವತ್ತು ಬೆಳಗ್ಗೆ ಚೌಡಾಪುರದ ಹತ್ತಿರ, ಅಲ್ಲಿಯ ಹಿಟ್ಟಿನ ಗಿರಣಿಯ ವಿಶ್ವಾರಾಧ್ಯ ಕಾಕಾ ಗಾಡಿಯಿಂದ ಬಿದ್ದರು. ಅವರ ಹಳೆಯ ರಾಜದೂತ ಬೈಕು. ಹಿಂದೆ ಹೆಂಡತಿ ಶಾಂಭವಿಬಾಯಿ ಕೂತಿದ್ದರು. ಕಾಕಾಗೆ ಮೊಣಕಾಲು ತರಚಿದೆ, ಅಷ್ಟೇ. ಶಾಂಭವಿಬಾಯಿಯ ಬಲಗೈ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ನಾಯಿ ಅಡ್ಡ ಬಂತಂತೆ. ಕಾಕಾ ಅವರೇ ಎಲ್ಲರಿಗೂ ಹಾಗೆ ಹೇಳಿದರಂತೆ.

ಮಧ್ಯಾಹ್ನ ಗಾಡಿಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದು ನದೀಮನ ಗ್ಯಾರೇಜಿನಲ್ಲಿ ಇಳಿಸಿ ಹೋದರು. ಅವನ ಗ್ಯಾರೇಜು, ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ ಎರಡಕ್ಕೂ ಒಂದೇ ಗೋಡೆ. ನಾನು ಮಾರುತ್ತೇನೆ, ಅವನು ಕೂಡಿಸುತ್ತಾನೆ. ಅಫಜಲಪುರದಲ್ಲಿ ಹಳೆ ಗಾಡಿ ಇಟ್ಟುಕೊಂಡವರಿಗೆ ನಾವಿಬ್ಬರೇ ಗತಿ. ಮುಂದಿನ ಚಕ್ರ ತಿರುಗಲೇ ಇಲ್ಲ. ಬಿಚ್ಚಿ ನೋಡಿದರೆ ಒಂದು ಬ್ರೇಕ್ ಶೂವಿನ ಲೈನರ್, ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸಲೆಂದು ಶೂವಿಗೆ ಅಂಟಿಸಿದ ಪಟ್ಟಿ, ಪೂರಾ ಕಿತ್ತುಕೊಂಡು ಬಂದು ಡ್ರಮ್ಮಿನೊಳಗೆ ಅಡ್ಡಡ್ಡ ಸಿಕ್ಕಿಕೊಂಡಿದೆ. ಓಡುವ ಚಕ್ರ ಕಟಕ್ಕನೆ ನಿಂತಿದೆ.

"ಅಕ್ಕಾ, ಇದು ನಾಯಿ ಕೆಲಸ ಅಲ್ಲ," ಅಂದ ನದೀಮ.

"ನೀ ಸುಮ್ಮ ಇರು."

"ನಾ ಸುಮ್ಮ ಇರ್ತೇನಿ. ಉಳಿದ ಗಾಡಿ ಸುಮ್ಮ ಇರ್ತಾವೇನು?"

ಆ ಶೂ ನಾನೇ ಮಾರಿದ್ದು, ಹತ್ತು ದಿನದ ಹಿಂದೆ. ಹೊಳೆಯುವ ಡಬ್ಬಿ, ಅದರ ಮೇಲೆ ಬಣ್ಣಬಣ್ಣದ ಸ್ಟಿಕ್ಕರ್. "ನಡೀತದೇನ್ ಪಂಚಶೀಲಾ?" ಎಂದು ಕೇಳಿದ್ದರು ಕಾಕಾ. "ನಡೀತದ ಹೋಗ್ರಿ," ಎಂದಿದ್ದೆ. ಕಿತ್ತುಬಂದ ಲೈನರನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಡ್ರಾದಲ್ಲಿ ಇಟ್ಟು ಕೀಲಿ ಹಾಕಿದೆ.

ನವೆಂಬರ್ 20, ಬುಧವಾರ

ಆ ಪೆಟ್ಟಿಗೆಯಲ್ಲಿ ಎಂಟು ಸೆಟ್ ಬಂದಿದ್ದವು. ರ್‍ಯಾಕಿನಲ್ಲಿ ಮೂರು ಇವೆ. ಐದು ಮಾರಿದ್ದೇನೆ. ಒಂದು ಕಾಕಾನ ಗಾಡಿಯದು, ಅದರ ಕಥೆ ಮುಗಿಯಿತು. ಇನ್ನು ನಾಲ್ಕು ರಸ್ತೆಯ ಮೇಲೆ ತಿರುಗಾಡುತ್ತಿವೆ.

ನಾನು ಬಿಲ್ಲು ಬರೆಯುವವಳಲ್ಲ, ಗಿರಾಕಿಯ ಹೆಸರೂ ಕೇಳುವುದಿಲ್ಲ. ಗಾಡಿಯೇ ಅವರ ಹೆಸರು. ಹಿರೋಳ್ಳಿಯಿಂದ ಹಾಲಿನ ಕ್ಯಾನು ಹೇರಿಕೊಂಡು ಬರುವ ನಾಗಣ್ಣನದು ಒಂದು. ಅವನ ನಂಬರು ನನ್ನಲ್ಲಿದೆ. ನಮ್ಮೂರಲ್ಲೇ ಭಾಂಡೆ-ಪಾತ್ರೆ ಮಾರುವವನದು ಒಂದು, ಇಟ್ಟಿಗೆ ಭಟ್ಟಿ ಕಾಯುವ ವಾಚಮನ್ನನದು ಒಂದು. ನಾಲ್ಕನೆಯದು ಕಿಣ್ಣಿ ಸುಲ್ತಾನ ಎಂಬ ಊರಿನ ಹಸಿರು ಗಾಡಿ. ಅದರ ಟ್ಯಾಂಕಿನ ಮೇಲೆ ಯಾರೋ ನವಿಲು ಬರೆದಿದ್ದಾರೆ. ಗಾಡಿಯ ಮಾಲೀಕ ಎದುರಿಗೆ ಬಂದರೆ ಗುರುತು ಸಿಗಲಿಕ್ಕಿಲ್ಲ, ನವಿಲು ಸಿಗುತ್ತದೆ.

ಉಳಿದ ಮೂರು ಸೆಟ್ ತೆಗೆದು ಲೈನರಿನ ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಎರಡು ಹಪ್ಪಳದಂತೆ ಎದ್ದುಬಂದವು. ಮೂರನೆಯದು ಸ್ವಲ್ಪ ಹಟ ಮಾಡಿ ಎದ್ದುಬಂತು.

ಕಲಬುರಗಿಯ ಸುನೀಲಕುಮಾರನಿಗೆ ಫೋನ್ ಹಚ್ಚಿದೆ. ಮಾಲು ಕಳಿಸಿದವನು ಅವನೇ. ಅವನ ಧ್ವನಿ ಕೇಳಿದರೆ ಯಾರಿಗಾದರೂ ಚಹಾ ಕುಡಿದಷ್ಟು ಸಮಾಧಾನವಾಗುತ್ತದೆ. ಇವತ್ತು ನನಗೆ ಆಗಲಿಲ್ಲ.

"ನಾ ಕೇಳಿರ್ಲಿಲ್ಲೇನ್ರಿ ನಿಮಗ, ಈ ಮಾಲ್ ನಡೀತದೇನು ಅಂತ?"

"ಕೇಳಿದ್ರಿ. ನಡೀತದ ಅಂದೆ. ಬೀದರ ತನಕ ನಡೀತದರಿ ಬಾಯೀ, ವಾರಕ್ಕೆರಡು ಪೆಟಗಿ ಹೋಗ್ತಾವ."

"ಅಯ್ಯ, ಲೈನರ್ ಬಿಚ್ಚಾಕತ್ತಾವ ನೋಡ್ರಿ!"

"ಅದು ಬ್ಯಾರೆ ಮಾತು. ಮಾಲ್ ನಡೀತದೇನು ಅಂತ ಕೇಳಿದ್ರಿ, ನಡೀತದ ಅಂದೆ. ಬ್ರೇಕ್ ಹಿಡೀತದೇನು ಅಂತ ನೀವ್ ಯಾವಾಗ ಕೇಳಿದ್ರಿ?"

ಫೋನನ್ನು ಗೋಡೆಗೆ ಒಗೆಯಬೇಕೆನಿಸಿತು. ಒಗೆಯಲಿಲ್ಲ, ಹೊಸದು. ಆಮೇಲೆ ಒಂದು ತಾಸು ಅವನಿಗೆ ಬೈಯುತ್ತ ಕೂತೆ. ಅವನು ಸುಳ್ಳು ಹೇಳಿರಲಿಲ್ಲ ಎಂಬುದೇ ಹೊಟ್ಟೆ ಉರಿಸುತ್ತಿದೆ. ನಮ್ಮ ಕಡೆ ಸಂತೆಯ ಬದನೆಕಾಯಿಯೂ ನಡೀತದ, ಹರಿದ ನೋಟೂ ನಡೀತದ, ಹಳೆ ಟೈರೂ ನಡೀತದ. ಆದರೆ ಬ್ರೇಕ್ ಎಂಬುದು ನಿಲ್ಲಿಸಲಿಕ್ಕೆ ಇರುವ ವಸ್ತು. ಅದಕ್ಕೂ ಅದೇ ಮಾತು ಕೇಳಿದೆ ನಾನು, ಅದೇ ಮಾತನ್ನು ಕಾಕಾಗೂ ಹೇಳಿ ಕಳಿಸಿದೆ.

ನವೆಂಬರ್ 21, ಗುರುವಾರ

ಸೋಲಾಪುರಕ್ಕೆ ಮೂರು ಕಡೆ ಫೋನ್ ಮಾಡಿದೆ. ಒಬ್ಬ "ರಾಜದೂತ? ಅಜೂನ್ ಚಾಲ್ತೆ ಕಾಯ್?" ಎಂದು ಮರಾಠಿಯಲ್ಲಿ ನಕ್ಕ, ಇನ್ನೂ ಓಡುತ್ತದೆಯೇ ಎಂದು. ಇನ್ನೊಬ್ಬ ಇದೆ ಎಂದ. ಫೋಟೋ ಕಳಿಸು ಎಂದರೆ ಅದೇ ಹೊಳೆಯುವ ಡಬ್ಬಿ, ಅದೇ ಸ್ಟಿಕ್ಕರ್. ಮೂರನೆಯವನು ಫೋನ್ ಎತ್ತಲಿಲ್ಲ. ಸುನೀಲಕುಮಾರ ತಾನಾಗಿಯೇ ಬೇರೆ ಹೆಸರಿನ ಎರಡು ಸೆಟ್ಟನ್ನು ಬಸ್ಸಿಗೆ ಹಾಕಿ ಕಳಿಸಿದ್ದ, "ಇದು ಕಂಪನಿದು" ಎಂದು. ಮೀಟಿದೆ. ಅವೂ ಎದ್ದವು.

ನಾಲ್ವರಿಗೂ ನಿಜ ಹೇಳಿಬಿಡು ಎನ್ನುತ್ತಾನೆ ನನ್ನ ಗಂಡ ಅಜಯಕುಮಾರ. ಅವನು ಬಸ್ ಕಂಡಕ್ಟರ್. ದಿನಕ್ಕೆ ಐನೂರು ಮಂದಿಯ ಹತ್ತಿರ ಮಾತಾಡಿ ಬಂದು ಮನೆಯಲ್ಲಿ ನನಗೆ ಉಪದೇಶ ಮಾಡುತ್ತಾನೆ. ಅವನಿಗೇನು ಗೊತ್ತು? ಹನ್ನೊಂದು ವರ್ಷವಾಯಿತು ಈ ಕೌಂಟರಿನಲ್ಲಿ ಕೂತು. ಇವತ್ತಿಗೂ ಹೊಸಬರು ಬಂದರೆ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ "ಗಂಡಸರ್ಯಾರೂ ಇಲ್ಲೇನ್ರಿ?" ಎನ್ನುತ್ತಾರೆ. ಪಿಸ್ಟನ್ ರಿಂಗನ್ನು ಕೈಯಲ್ಲಿ ಹಿಡಿದೇ ಯಾವ ಗಾಡಿಯದೆಂದು ಹೇಳಿ ಅವರ ಬಾಯಿ ಮುಚ್ಚಿಸಿದ್ದೇನೆ. ಈಗ ನಾನೇ ಹೋಗಿ, ನಾ ಮಾರಿದ ಬ್ರೇಕಿನಿಂದ ಒಬ್ಬಾಕಿಯ ಕೈ ಮುರಿದಿದೆ ಎನ್ನಬೇಕೇ? ಹೆಂಗಸಿನ ಅಂಗಡಿ, ಇನ್ನೇನಾದೀತು ಎನ್ನುತ್ತಾರೆ. ಮೂರು ತಾಲೂಕಿಗೂ ಸುದ್ದಿ ಹಬ್ಬುತ್ತದೆ.

ಬೇರೆ ಉಪಾಯ ಮಾಡಿದ್ದೇನೆ. ಹಳೆ ಗಾಡಿಗಳಿಗೆ ಪುಕ್ಕಟೆ ಬ್ರೇಕ್ ಚೆಕಿಂಗ್ ಇದೆ, ಈ ವಾರ ಬರ್ರಿ. ನಾಗಣ್ಣನಿಗೆ ಫೋನ್ ಮಾಡಿ ಹೇಳಿದೆ. ಭಾಂಡೆಯವನಿಗೆ, ವಾಚಮನ್ನನಿಗೆ ನದೀಮ ಹೇಳಿ ಬಂದ. ಕಿಣ್ಣಿ ಸುಲ್ತಾನದ ನವಿಲು ಕಂಡರೆ ಹೇಳು ಎಂದು ಅಜಯನಿಗೆ ಒಪ್ಪಿಸಿದ್ದೇನೆ. ಈ ತಿಂಗಳು ಅವನ ಡ್ಯೂಟಿ ಆಳಂದದ ಕಡೆಗೇ ಇದೆ.

"ಪುಕ್ಕಟೆ ಅಂದ್ರ ಮಂದಿಗಿ ಡೌಟ್ ಬರ್ತದ," ಅಂದ ಅಜಯ.

ನವೆಂಬರ್ 23, ಶನಿವಾರ

ಭಾಂಡೆಯವನು ಬಂದ, ವಾಚಮನ್ನನೂ ಬಂದ. ಇಬ್ಬರ ಶೂವನ್ನೂ ಬಿಚ್ಚಿಸಿ ಇಟ್ಟುಕೊಂಡೆ. ವಾಚಮನ್ನನ ಗಾಡಿಯದು ಅರ್ಧ ಎದ್ದಿತ್ತು. ನದೀಮ ಅದನ್ನು ನನಗೆ ತೋರಿಸಿ ಕೈ ಒರೆಸಿಕೊಂಡ. ಎರಡು ದಿನ ತಡವಾಗಿದ್ದರೆ ಏನಾಗುತ್ತಿತ್ತೋ.

ಬಿಚ್ಚಿದ್ದೇನೋ ಆಯಿತು, ಹಾಕಲಿಕ್ಕೆ ಏನಿದೆ? ಏನೂ ಇಲ್ಲ.

"ಪುಕ್ಕಟೆ ಚೆಕಿಂಗ್ ಅಂತ ಕರದು ಬ್ರೇಕೇ ತಕ್ಕೊಂಡ್ರಿ? ಇದ್ಯಾವ ಸ್ಕೀಮ್ ಅಕ್ಕಾ?" ಎಂದು ಭಾಂಡೆಯವನು ಗಾಡಿಯನ್ನು ನನ್ನ ಅಂಗಡಿಯ ಮುಂದೆಯೇ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಹೋಗಿದ್ದಾನೆ. ಹಿಂದೆ ಸ್ಟೀಲ್ ಕೊಡಗಳು ಹಾಗೇ ಇವೆ. ಗಾಳಿ ಬಂದಾಗೊಮ್ಮೆ ಟಣಟಣ ಎನ್ನುತ್ತವೆ.

ನಾಗಣ್ಣ ಬಂದಿಲ್ಲ. ಮತ್ತೆ ಫೋನ್ ಮಾಡಿದರೆ, "ಎರಡೂ ಹೊತ್ತು ಹಾಲ್ ಅದರಿ ಅಕ್ಕಾ, ನಿಮ್ಮ ಪುಕ್ಕಟೆಗಿ ನನ್ನ ಹಾಲ್ ಒಡೀತದ. ತೊಗರಿ ರಾಶಿ ಆದ ಮ್ಯಾಲ ಬರ್ತೇನಿ," ಎಂದು ಇಟ್ಟುಬಿಟ್ಟ. ಇನ್ನೊಮ್ಮೆ ಮಾಡಿ ನಿಜ ಹೇಳಬಹುದಿತ್ತು. ಗಿರಾಕಿ ಬಂದರು. ಆಮೇಲೆ ಮಾಡಲಿಲ್ಲ.

ನವೆಂಬರ್ 24, ಭಾನುವಾರ

ಅಂಗಡಿ ಮುಚ್ಚಿ ಜೇವರ್ಗಿಗೆ ಹೋಗಿದ್ದೆ. ಅಲ್ಲಿ ಜೈತುನಬಿ ಎಂಬವರ ಗುಜರಿ ಇದೆ. ರಾಜದೂತದ ಹಳೆಯ ಅಸಲಿ ಸಾಮಾನು ಈ ಭಾಗದಲ್ಲಿ ಎಲ್ಲಾದರೂ ಇದ್ದರೆ ಅವರ ಹತ್ತಿರವೇ ಎಂದು ನದೀಮ ಹೇಳಿದ್ದ. ಇಷ್ಟು ವರ್ಷ ನಾನು ಗುಜರಿಯ ಕಡೆ ತಿರುಗಿ ನೋಡಿದವಳಲ್ಲ. ಡಬ್ಬಿಯಲ್ಲಿ ಬಂದದ್ದನ್ನೇ ಮಾರುವವಳು ನಾನು, ಆ ಜಂಬ ಇತ್ತು.

ಅರವತ್ತು ದಾಟಿದ ಹೆಂಗಸು. ತಗಡಿನ ಕೆಳಗೆ ಹಳೆ ಕಾರಿನ ಸೀಟಿನ ಮೇಲೆ ಕೂತಿದ್ದರು. ನಾನು ಹೋದಾಗ ಒಬ್ಬ ಕಾರ್ಬುರೇಟರ್ ಹಿಡಿದುಕೊಂಡು ಬೇಡುತ್ತಿದ್ದ. "ಇದಕ್ಕ ಸೀಳು ಬಿದ್ದದ, ಕೊಡಂಗಿಲ್ಲ," ಎಂದು ಅವನ ಕೈಯಿಂದ ಕಸಿದು ರಾಶಿಗೆ ಒಗೆದರು. ಅವನು ಕೈಮುಗಿದ. ಅವರು ಬೇರೆ ಕಡೆ ನೋಡಿದರು. ವ್ಯಾಪಾರ ಬರದ ಹೆಂಗಸು ಎಂದುಕೊಂಡೆ.

"ರಾಜದೂತದ ಬ್ರೇಕ್ ಶೂ ಐದು ಸೆಟ್ ಬೇಕಾಗ್ಯಾವರಿ ಖಾಲಾ," ಎಂದೆ.

"ಯಾರ ಗಾಡಿಗಿ?"

"ಅಂಗಡ್ಯಾಗ ಸ್ಟಾಕ್ ಇಡಾಕ."

"ಸ್ಟಾಕಿಗಿ ಕೊಡಂಗಿಲ್ಲ ಬೇಟಿ. ಗಾಡಿಗಿ ಕೊಡ್ತೇನಿ."

"ಗಾಡಿಗೇ ಹಾಕ್ತೇವಲ್ರಿ ಕಡೀಕ."

"ಯಾವ ಗಾಡಿಗಿ, ಅದನ್ನ ಹೇಳು. ಯಾರು ಹೊಡೀತಾರ, ಎಷ್ಟು ವಜನ ಹೇರ್ತಾರ, ಹಳೀದಕ್ಕ ಏನಾತು?"

ಸವೆದಿದೆ ಎಂದೆ. ಐದೂ ಒಂದೇ ಸಲ ಸವೆದವೇ ಎಂದು ಕೇಳಿದರು. ಹೌದೆಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಚಹಾ ತರಿಸಿ ಕೊಟ್ಟು, ಬಸ್ಸು ಎಷ್ಟಕ್ಕಿದೆ ಎಂದು ಹೇಳಿ ಕಳಿಸಿದರು. ಹಿಂದಿನ ಕಪಾಟಿನಲ್ಲಿ ಎಣ್ಣೆ ಹಚ್ಚಿ ಪೇಪರಿನಲ್ಲಿ ಸುತ್ತಿಟ್ಟ ಸಾಮಾನು ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು.

ನವೆಂಬರ್ 25, ಸೋಮವಾರ

ಕೊಡ ಟಣಟಣ. ತಲೆನೋವು. ಮುದುಕಿಯ ಸೊಕ್ಕು ಎಷ್ಟು!

ನವೆಂಬರ್ 26, ಮಂಗಳವಾರ

ಬೆಳಗ್ಗೆ ಎಂಟಕ್ಕೆ ನಾಗಣ್ಣನ ಫೋನ್.

"ಅಕ್ಕಾ, ಮುಂದಿನ ಗಾಲಿ ಜಾಮ್ ಆಗ್ಯಾದ. ಊರ ಮುಂದಿನ ರೋಡ್ ಹಂಪಿನ ಮ್ಯಾಲ. ನಿಧಾನ ಇದ್ದೆ, ಅದಕ್ಕ ಉಳದೆ. ಎಪ್ಪತ್ತ ಲೀಟರ್ ಹಾಲ್ ರಸ್ತಾದಾಗ ಹರಿಯಾಕತ್ತಾದ. ನಾಯಿ ಕುಡಿಯಾಕತ್ತಾವ."

ಅವನೇ ಮುಂದುವರಿಸಿದ.

"ನೀವು ಪುಕ್ಕಟೆ ಚೆಕಿಂಗ್ ಅಂತ ಕರೀತಿದ್ರಲ್ಲ, ನಾನೇ ಬರಲಿಲ್ಲ. ನಂದೇ ತಪ್ಪರಿ ಅಕ್ಕಾ. ಬಂದಿದ್ರ ನೀವು ನೋಡಿ ಹೇಳ್ತಿದ್ರಿ," ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನದೇ ತಪ್ಪು ಎಂದನಲ್ಲ, ಅದನ್ನು ತಡೆಯಲಾಗಲಿಲ್ಲ. "ನಾಗಣ್ಣಾ, ಅಲ್ಲೇ ನಿಂದ್ರಸು, ಗಾಡಿ ಮುಟ್ಟಬ್ಯಾಡ," ಎಂದೆ. "ನಿಂದಲ್ಲ ತಪ್ಪು. ಆ ಮಾಲೇ ಖೊಟ್ಟಿ ಅದ. ನನಗ ಒಂದ್ ವಾರದಿಂದ ಗೊತ್ತಿತ್ತು."

ಆ ಕಡೆ ಯಾರೋ ನಾಯಿಗೆ ಹಚಾ ಹಚಾ ಎನ್ನುವುದು ಮಾತ್ರ ಕೇಳಿಸಿತು. ಆಮೇಲೆ ಅವನು, "ನನ್ನ ಹಿಂದ ದಿನಾ ನಮ್ಮ ಅವ್ವ ಕೂಡ್ತಾಳ್ರಿ, ದವಾಖಾನಿಗಿ. ಇವತ್ತು ಒಲ್ಲೆ ಅಂದಿದ್ಳು," ಎಂದು ಇಟ್ಟುಬಿಟ್ಟ.

ನವೆಂಬರ್ 27, ಬುಧವಾರ

ಮತ್ತೆ ಜೇವರ್ಗಿ. ಜೈತುನಬಿ ನನ್ನನ್ನು ನೋಡಿ, "ಯಾರ ಗಾಡಿಗಿ?" ಎಂದೇ ಶುರು ಮಾಡಿದರು.

ಹೇಳಿದೆ. ಚೌಡಾಪುರದ ಹಿಟ್ಟಿನ ಗಿರಣಿ ಕಾಕಾನ ಗಾಡಿ, ಹಿಂದೆ ಹೆಂಡತಿ ಕೂಡುತ್ತಾರೆ. ಹಿರೋಳ್ಳಿಯ ಹಾಲಿನ ಗಾಡಿ, ಎಪ್ಪತ್ತು ಲೀಟರ್, ಮೇಲೆ ಅವ್ವ. ಭಾಂಡೆಯ ಗಾಡಿ, ಅಗಲ ಜಾಸ್ತಿ, ಭಾರ ಕಡಿಮೆ. ಭಟ್ಟಿಯ ವಾಚಮನ್ನನದು, ಒಬ್ಬನೇ. ಕಿಣ್ಣಿ ಸುಲ್ತಾನದ್ದು ಇನ್ನೂ ಸಿಕ್ಕಿಲ್ಲ.

"ಹಳೀದಕ್ಕ ಏನಾತು?"

"ನಾ ಮಾರಿದ್ದು ಖೊಟ್ಟಿ ಇದ್ವು. ಬಿಚ್ಚಿ ಬೀಳಾಕತ್ತಾವ. ಒಬ್ಬಾಕಿ ಕೈ ಮುರದದ."

"ಮಾರೂಮುಂದ ಮಾಲ್ ನೋಡಿರ್ಲಿಲ್ಲೇನು?"

"ನೋಡಿದ್ದೆ."

ಇದನ್ನು ಈ ಡೈರಿಯಲ್ಲೂ ಬರೆದಿರಲಿಲ್ಲ. ಪೆಟ್ಟಿಗೆ ಬಿಚ್ಚಿದ ದಿನವೇ ಅಂಟಿನ ಹಸಿ ವಾಸನೆ ಬಂದಿತ್ತು. ಲೈನರಿನ ಅಂಚಿನಲ್ಲಿ ಕೂದಲಿನಷ್ಟು ಬಿಳಿ ಗೆರೆ ಕಂಡಿತ್ತು. ಬೆರಳು ಕೂಡ ಆಡಿಸಿದ್ದೆ. ಬೇರೆ ಮಾಲು ಸಿಗುವುದಿಲ್ಲ, ಗಿರಾಕಿ ನಿಂತಿದ್ದಾನೆ, ನಡೆಯುತ್ತದೆ ಬಿಡು ಎಂದುಕೊಂಡೆ. ಸುನೀಲಕುಮಾರನಿಗೆ ಬೈಯುವಾಗಲೆಲ್ಲ ಆ ಬಿಳಿ ಗೆರೆ ನನ್ನ ಕಣ್ಣ ಮುಂದೆಯೇ ಇತ್ತು.

ಜೈತುನಬಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದು ಕಪಾಟು ತೆಗೆದು ಪೇಪರು ಬಿಚ್ಚಿದರು. "ಈ ಎರಡು ಸೆಟ್ ಅಸಲಿ. ಹಾಲಿನಂವಗ ಒಂದು, ಗಿರಣಿಯಂವಗ ಒಂದು ಹಾಕು. ಇದರ ಸ್ಪ್ರಿಂಗ್ ಸಡ್ಲ ಆಗ್ಯಾದ, ಹೊಸಾದು ಹಾಕಸು. ಉಳಿದ ಮೂರಕ್ಕ ನನ್ನ ಹಂತ್ಯಾಕ ಲೈನರ್ ಇಲ್ಲ, ಬರೇ ಹಳೀ ಶೂ ಅದಾವ. ತಕ್ಕೊಂಡು ಆಳಂದಕ್ಕ ಹೋಗು. ಖುರ್ಷಿದ ಅಂತ ಅದಾನ, ಲಾರಿ ಬ್ರೇಕ್ ಮಾಡ್ತಾನ. ಅಂವ ಅಂಟಸಂಗಿಲ್ಲ, ರಿವೆಟ್ ಹೊಡೀತಾನ."

"ಅವೂ ಬಿಚ್ಚಿದ್ರ?"

"ಬಿಚ್ಚೂ ಹಂಗಿದ್ರ ಮದ್ಲೇ ಹೇಳ್ತಾನ. ಅದಕ್ಕೇ ಅಂವನ ಹಂತ್ಯಾಕ ಮಂದಿ ಹೋಗಂಗಿಲ್ಲ."

ನವೆಂಬರ್ 29, ಶುಕ್ರವಾರ

ಆಳಂದ. ಖುರ್ಷಿದ ಮಾತೇ ಆಡದ ಮನುಷ್ಯ. ಲಾರಿಯ ಲೈನರ್ ಪಟ್ಟಿ ಕತ್ತರಿಸಿ, ಉಜ್ಜಿ, ತೂತು ಹೊಡೆದು, ಮೊಳೆಯಂಥ ತಾಮ್ರದ ರಿವೆಟ್ಟು ಕೂಡಿಸಿ ಬಡಿದ. ಆರು ಶೂ ಮಾಡಿ ಒಂದನ್ನು ಬೆಳಕಿಗೆ ಹಿಡಿದು, ಬೇಡವೆಂಬಂತೆ ತಲೆಯಾಡಿಸಿ, ಅದರ ಎಲ್ಲ ರಿವೆಟ್ಟು ಕಿತ್ತು ಮತ್ತೆ ಮೊದಲಿನಿಂದ ಶುರು ಮಾಡಿದ. ನಾಲ್ಕು ತಾಸು. ಮುಗಿದ ಮೇಲೆ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ಮೀಟ್ರಿ," ಎಂದ. ಬೆವರು ಬರುವಷ್ಟು ಮೀಟಿದೆ. ಏಳಲಿಲ್ಲ.

ಅಲ್ಲಿಂದ ಹಿರೋಳ್ಳಿಗೆ ಹೋದೆ. ನಾಗಣ್ಣನ ಅವ್ವ ಸಾಬವ್ವ ಕಟ್ಟೆಯ ಮೇಲೆ ಕೂತಿದ್ದರು. ಅವರ ಎದುರಿಗೇ ಎಲ್ಲ ಹೇಳಿದೆ. ಸಾಬವ್ವ ಬೈದರು. ನನ್ನ ಅಂಗಡಿಗೆ, ನನ್ನ ಓದಿಗೆ, ನಾನು ಉಟ್ಟ ಸೀರೆಗೆ ಕೂಡ ಬೈದರು. ತಲೆ ಬಗ್ಗಿಸಿ ನಿಂತೆ. ನಾಗಣ್ಣ ಶೂವನ್ನು ತಿರುಗಿಸಿ ತಿರುಗಿಸಿ ನೋಡಿ, ತಾನೇ ಕೂಡಿಸಿಕೊಂಡ. ನನ್ನ ಕೈಗೆ ಸ್ಪ್ಯಾನರ್ ಕೊಡಲಿಲ್ಲ.

ನವೆಂಬರ್ 30, ಶನಿವಾರ

ಭಾಂಡೆಯವನ ಗಾಡಿ ಹೋಯಿತು, ವಾಚಮನ್ನನದೂ ಹೋಯಿತು. ಇಬ್ಬರನ್ನೂ ಕರೆದು ನಿಜ ಹೇಳಿದೆ. ವಾಚಮನ್ನ, "ಇನ್ನ ಮ್ಯಾಲ ಕಲಬುರಗಿಯಿಂದ ತರ್ತೇನಿ," ಎಂದ. ತರಲಿ. ಭಾಂಡೆಯವನು ಊರಿಗೆಲ್ಲ ಸುದ್ದಿ ಹಂಚಿದ್ದಾನೆ, ಎದುರಿನ ಟೈರ್ ಅಂಗಡಿಯವರು ನನ್ನ ಕಡೆ ನೋಡಿ ಏನೋ ಮಾತಾಡಿಕೊಂಡರು. ಇವತ್ತು ಬಂದ ಗಿರಾಕಿ ಮೂವರೇ. ಒಬ್ಬನಿಗೆ ಕ್ಲಚ್ ಕೇಬಲ್ ಬೇಕಿತ್ತು, ಇದ್ದದ್ದು ಚೆನ್ನಾಗಿಲ್ಲ, ಒಯ್ಯಬೇಡ ಎಂದೆ. ಅವನು ಖಾಲಿ ಕೈಯಲ್ಲಿ ಹೋದ.

ಮಧ್ಯಾಹ್ನ ಒಂದು ದೊಡ್ಡ ತಮಾಷೆ ನಡೆಯಿತು. ನಗಬೇಕೋ ಅಳಬೇಕೋ ತಿಳಿಯದು. ಅಜಯನ ಬಸ್ಸು ಆಳಂದದ ಹತ್ತಿರ ಒಂದು ಚಹಾದಂಗಡಿಯ ಮುಂದೆ ನಿಂತಾಗ, ಅಲ್ಲಿ ಹಸಿರು ಟ್ಯಾಂಕು, ನವಿಲು! ಮಾಲೀಕ ಎಲ್ಲೋ ಹಿಂದೆ ಹೋಗಿದ್ದ. ಕೀಲಿ ಗಾಡಿಯಲ್ಲೇ ಇತ್ತು. ನನ್ನ ಗಂಡ ಕೀಲಿ ಕಿತ್ತುಕೊಂಡು ಟಿಕೆಟಿನ ಚೀಲದಲ್ಲಿ ಹಾಕಿ, ಚಹಾದಂಗಡಿಯವನಿಗೆ "ಅಫಜಲಪುರ, ಪಂಚಶೀಲಾ ಅಕ್ಕನ ಅಂಗಡಿ" ಎಂದು ಹೇಳಿ, ರೈಟ್ ಎಂದು ಸೀಟಿ ಊದಿ ಹೊರಟೇಬಿಟ್ಟ. ಆ ಮನುಷ್ಯ ಮುಂದಿನ ಬಸ್ಸು ಹಿಡಿದು ಬಂದ. ಕಣ್ಣು ಕೆಂಡ.

"ನಿಮ್ಮ ಗಂಡ ಸರ್ಕಾರಿ ನೌಕರನೋ, ಕಳ್ಳನೋ?"

"ಕಳ್ಳಿ ನಾನು. ಬರ್ರಿ, ಕೂಡ್ರಿ," ಎಂದು ಎಲ್ಲ ಹೇಳಿದೆ. ಅಜಯ ಅಂಗಡಿಗೆ ತಂದುಕೊಟ್ಟಿದ್ದ ಕೀಲಿಯನ್ನು ಅವನ ಕೈಗಿಟ್ಟು, ಐದನೆಯ ಸೆಟ್ ಕೊಟ್ಟು ನದೀಮನನ್ನು ಅವನ ಜೊತೆ ಕಳಿಸಿದೆ. ಚಹಾದಂಗಡಿಯ ಮುಂದೆಯೇ ಬಿಚ್ಚಿದರಂತೆ. ನವಿಲಿನ ಗಾಡಿಯ ಲೈನರಿಗೆ ಏನೂ ಆಗಿರಲಿಲ್ಲ, ಗಟ್ಟಿಯಾಗಿಯೇ ಕೂತಿತ್ತು. ಆದರೂ ಬದಲಿಸಿದರು.

ಅಜಯ ಊಟಕ್ಕೆ ಕೂತಾಗ, "ನಾನು ಮಾಡಿದ್ದು ತಪ್ಪೇನು?" ಎಂದು ಕೇಳಿದ. ಇಲ್ಲ ಎಂದೆ. ಹದಿನಾರು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಗೆ ಇಲ್ಲ ಎಂದದ್ದು ಇದೇ ಮೊದಲಿರಬೇಕು, ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

ನಾಲ್ಕೂ ಮುಗಿದವು. ಚೌಡಾಪುರಕ್ಕೆ ಹೋಗುವುದು ಉಳಿದಿದೆ. ಅಲ್ಲಿ ಯಾರಿಗೂ ಗೊತ್ತಿಲ್ಲ, ಅಲ್ಲಿ ನಾಯಿ ಅಡ್ಡ ಬಂದಿದೆ. ಗಾಡಿ ರಿಪೇರಿ ಮಾಡಿ ಕಳಿಸಿಬಿಟ್ಟರೆ ಸಾಕು ಎಂದು ನದೀಮನೂ ಹೇಳಿದ. ಒಂದು ಗಳಿಗೆ ನನಗೂ ಹಾಗೆ ಅನ್ನಿಸಿತು.

ಡಿಸೆಂಬರ್ 2, ಸೋಮವಾರ

ಬೆಳಗ್ಗೆ ನದೀಮ ಕಾಕಾನ ರಾಜದೂತ ಹೊಡೆದುಕೊಂಡು ಮುಂದೆ ಹೋದ. ನಾನು ಬಸ್ಸಿನಲ್ಲಿ ಹಿಂದೆ ಹೋದೆ. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು. ಒಂದೊಂದನ್ನು ದಾಟುವಾಗಲೂ ನನ್ನ ಬಲಗೈ ತಾನಾಗಿಯೇ ಮುಂದಿನ ಸೀಟಿನ ಕಂಬಿಯನ್ನು ಒತ್ತುತ್ತಿತ್ತು.

ಗಿರಣಿಗೆ ಬೀಗ. ಮನೆಯ ಪಡಸಾಲೆಯಲ್ಲಿ ಕಾಕಾ ಗೋಡೆಗೆ ಒರಗಿ ಕೂತಿದ್ದರು. ಹದಿಮೂರು ದಿನದಲ್ಲಿ ಇಷ್ಟು ಇಳಿದುಹೋಗಿದ್ದಾರೆ ಎಂದು ನಾನು ಎಣಿಸಿರಲಿಲ್ಲ. ಗಡ್ಡ ಬಂದಿದೆ. ಅಂಗಳದಲ್ಲಿ ನಿಂತ ಗಾಡಿಯ ಕಡೆ ಅವರು ನೋಡಲೇ ಇಲ್ಲ.

"ಅದನ್ನ ಯಾಕ ತಂದಿ, ಮಾರಿಬಿಡು ಯಾರಿಗರೆ," ಎಂದರು. "ಇನ್ನ ನಾ ಗಾಡಿ ಮುಟ್ಟಂಗಿಲ್ಲ."

ಕೂತುಕೊಂಡು ಹೇಳಬೇಕೆಂದು ಬಸ್ಸಿನಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಎಲ್ಲ ಮರೆತುಹೋಯಿತು. ನಿಂತೇ ಹೇಳಿದೆ. "ಕಾಕಾ, ನೀವು ನಾಯಿ ಅಡ್ಡ ಬಂದು ಬಿದ್ದಿಲ್ಲ."

ಅವರು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನಿನಗ ಯಾರು ಹೇಳಿದ್ರು? ನಾಯಿ ಇರ್ಲೇ ಇಲ್ಲ ಪಂಚಶೀಲಾ. ಮುಂದ ಟ್ರ್ಯಾಕ್ಟರ್ ಇತ್ತು, ಅದೂ ದೂರ. ಜರಾ ಬ್ರೇಕ್ ಹಿಡದೆ, ಅಷ್ಟೇ. ಕೈ ಹ್ಯಾಂಗ ಅಷ್ಟು ಒತ್ತಿತೋ ಗೊತ್ತಾಗಲಿಲ್ಲ. ಮೂವತ್ತಾರು ವರ್ಷ ಆಕೀನ ಹಿಂದ ಕೂಡಿಸ್ಕೊಂಡು ಅಡ್ಡಾಡೇನಿ, ಒಂದಿನ ಬೀಳಿಸಿರ್ಲಿಲ್ಲ. ನನ್ನ ಕೈ ಕೆಟ್ಟದ. ಅದನ್ನ ಯಾರ ಮುಂದ ಹೇಳ್ಲಿ? ನಾಯಿ ಅಂದೆ."

ಸೆರಗಿನ ಗಂಟು ಬಿಚ್ಚಿ ಆ ಲೈನರಿನ ತುಂಡನ್ನು ಅವರ ಮುಂದೆ ಇಟ್ಟೆ. ಡ್ರಮ್ಮಿನಲ್ಲಿ ಸಿಕ್ಕಿದ್ದು ಇದು, ನಾನು ಮಾರಿದ್ದು, ಮಾರುವಾಗಲೇ ನನಗೆ ಅನುಮಾನ ಇತ್ತು ಎಂದು ಬಿಡದೆ ಹೇಳಿದೆ. "ನಿಮ್ಮ ಕೈ ಬರಾಬರ ಅದರಿ ಕಾಕಾ. ಯಾರು ಹೊಡದ್ರೂ ಬೀಳ್ತಿದ್ರು."

ಅವರು ಅದನ್ನು ಕೈಗೆ ತೆಗೆದುಕೊಂಡರು. ಆಮೇಲೆ ತಮ್ಮ ಬಲಗೈಯನ್ನು ಬ್ರೇಕ್ ಹಿಡಿಯುವವರಂತೆ ಮೆಲ್ಲಗೆ ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಏ ಶಾಂಭವೀ," ಎಂದು ಒಮ್ಮೆಲೇ ಕೂಗಿದರು. "ಬಾ ಇಲ್ಲಿ. ನಾ ಕೆಡವಿಲ್ಲ ನಿನ್ನ. ಕೇಳಿದೇನು? ನಾ ಅಲ್ಲ ಕೆಡವಿದ್ದು!"

ಶಾಂಭವಿಬಾಯಿ ಬಾಗಿಲಿಗೆ ಬಂದರು. ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದರು. ಅವರು ಎಲ್ಲವನ್ನೂ ಒಳಗಿನಿಂದ ಕೇಳಿದ್ದರು. ಗಂಡನನ್ನು ನೋಡಲಿಲ್ಲ, ಲೈನರನ್ನೂ ನೋಡಲಿಲ್ಲ. ನನ್ನನ್ನೇ ನೋಡಿದರು.

"ನಿನಗ ಯಾವಾಗ ಗೊತ್ತಾತು?"

ನಾನು ಇದನ್ನು ಕೇಳುತ್ತಾರೆ ಎಂದುಕೊಂಡಿರಲಿಲ್ಲ. ಎಲ್ಲ ಹೇಳಿಯಾಯಿತು ಎಂದುಕೊಂಡಿದ್ದೆ.

"ಅವತ್ತೇ," ಎಂದೆ. "ಮಧ್ಯಾಹ್ನ."

"ಅವತ್ತೇ," ಎಂದರು ಅವರೂ. "ನನ್ನ ಕೈ ಇರ್ಲಿ ಬಿಡು, ಕೂಡ್ತದ. ಈ ಮನುಷ್ಯಾ ಹದಿಮೂರು ದಿನ ಆತು, ತಾಟಿನ ಮುಂದ ಕೂಡ್ತಾನ, ನನ್ನ ಕೈ ನೋಡ್ತಾನ, ಎದ್ದು ಹೋಗ್ತಾನ. ನಾ ಎಷ್ಟು ಹೇಳೇನಿ, ನಾಯಿ ಬಂದ್ರ ನೀವೇನ್ ಮಾಡ್ತೀರಿ ಅಂತ. ಹೇಳಿದಷ್ಟೂ ಸಣ್ಣ ಆಗ್ಯಾನ. ನೀ ಅವತ್ತೇ ಬಂದು ಒಂದ್ ಮಾತು ಹೇಳಿದ್ರ?"

ನಾಲ್ಕು ಗಾಡಿ, ಮೂರು ತಾಲೂಕು, ಯಾರೂ ಸಾಯಬಾರದು ಎಂದು ಓಡಾಡಿದೆ. ಈ ಮನೆಯದು ಮುಗಿದ ಕಥೆ ಎಂದು ಮರುದಿನವೇ ಬರೆದುಕೊಂಡು ಕೊನೆಗೆ ಇಟ್ಟಿದ್ದೆ. ತಪ್ಪಾಯಿತು ಎಂದೆ. ಅಳು ಬಂತು, ಅತ್ತುಬಿಟ್ಟೆ. ಹೋಗಿಬರುತ್ತೇನೆ ಎಂದು ಚಪ್ಪಲಿಯ ಕಡೆ ತಿರುಗಿದೆ.

"ಎಲ್ಲಿ ಹೊಂಟಿ? ಕೂಡು," ಎಂದರು ಶಾಂಭವಿಬಾಯಿ. "ಅವರು ಉಣ್ಣೂ ತನಕ ಕೂಡು."

ನದೀಮ ಅಂಗಳದಲ್ಲೇ ನಿಂತ. ನಾನು ಕಂಬದ ಹತ್ತಿರ ಕೂತೆ. ಶಾಂಭವಿಬಾಯಿ ಎಡಗೈಯಲ್ಲೇ ತಾಟು ತಂದು ಕಾಕಾನ ಮುಂದೆ ಇಟ್ಟರು. ಪಕ್ಕದ ಮನೆಯವರು ಮಾಡಿಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕಾಕಾ ಹೆಂಡತಿಯ ಪ್ಲಾಸ್ಟರಿನ ಕಡೆ ನೋಡಿದರು. ಏಳುತ್ತಾರೇನೋ ಎಂದುಕೊಂಡೆ. ಏಳಲಿಲ್ಲ. ರೊಟ್ಟಿ ಮುರಿದರು. ಎರಡು ರೊಟ್ಟಿ ಉಂಡರು. ಆಮೇಲೆ ತಲೆ ಎತ್ತದೆ, ಇನ್ನೊಂದು ಹಾಕು ಎಂದರು.